ಮುನ್ನೂರು ಮಾರಿನ ಕೆಳಗೆ

ತಿಮಿಂಗಿಲ ಎಂಬ ಮಾತನ್ನು ನಾವು ಸಲೀಸಾಗಿ ಬಳಸುತ್ತೇವೆ. ಬಿಡಿಸಿ ನೋಡುವುದು ಅಪರೂಪ. ತಿಮಿ ಎಂದರೆ ಒಂದು ಮಹಾಮೀನು. ಆ ತಿಮಿಯನ್ನು ನುಂಗುವುದು ತಿಮಿಂಗಿಲ. ಸಂಸ್ಕೃತದವರು ಅಷ್ಟಕ್ಕೇ ನಿಲ್ಲದೆ, ತಿಮಿಂಗಿಲವನ್ನೂ ನುಂಗುವ ತಿಮಿಂಗಿಲಗಿಲವೊಂದನ್ನು ಹೇಳಿದ್ದಾರೆ. ಕಡಲು ಆಳವಾದಷ್ಟೂ ಅಲ್ಲಿ ಇನ್ನೂ ದೊಡ್ಡದೊಂದು ಇದ್ದೇ ಇರಬೇಕೆಂಬುದು ಆ ಕಲ್ಪನೆಯ ಲೆಕ್ಕ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ವಿದ್ವಾಂಸರ ಲೆಕ್ಕ ಇದಕ್ಕೆ ತೀರ ವಿರುದ್ಧವಾಗಿತ್ತು: ಆಳ ಹೆಚ್ಚಿದಷ್ಟೂ ಜೀವ ಕಡಿಮೆ, ಕೊನೆಗೆ ಜೀವವೇ ಇಲ್ಲ. ಈ ಎರಡನೆಯ ಲೆಕ್ಕ ಹೇಗೆ ಹುಟ್ಟಿತು, ಹೇಗೆ ಅಳಿಯಿತು ಎಂಬುದನ್ನು ಇಂದು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಎಡ್ವರ್ಡ್ ಫೋರ್ಬ್ಸ್ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ. ೧೮೪೧ರಲ್ಲಿ ‘ಬೀಕನ್’ ಎಂಬ ನೌಕಾಪಡೆಯ ಹಡಗನ್ನೇರಿ ಈಜಿಯನ್ ಕಡಲಿಗೆ ಹೋದಾಗ ಆತನಿಗೆ ಇಪ್ಪತ್ತಾರರ ಪ್ರಾಯ. ಹಗ್ಗದ ತುದಿಗೆ ಚೀಲದಂಥ ಗೋರುಬಲೆಯನ್ನು ಕಟ್ಟಿ ತಳದ ಮೇಲೆ ಎಳೆಸುವುದು, ಬಂದುದನ್ನೆಲ್ಲ ಆಳಕ್ಕನುಗುಣವಾಗಿ ವಿಂಗಡಿಸುವುದು, ಇದು ಆತನ ಕೆಲಸ. ೨೩೦ ಮಾರಿನವರೆಗೆ ಬಲೆ ಇಳಿಯಿತು. ಮಾರು ಎಂದರೆ ನಾವು ಬಾವಿಯ ಹಗ್ಗವನ್ನು ಅಳೆಯುವ ಅದೇ ಮಾರು. ಎರಡು ತೋಳು ಚಾಚಿದಷ್ಟು, ಸುಮಾರು ಆರಡಿ. ಇಂಗ್ಲಿಷ್ ನಾವಿಕರ ಅಳತೆಯೂ ಅದೇ. ಕೆಳಗಿಳಿದಂತೆಲ್ಲ ಜೀವಿಗಳು ವಿರಳವಾಗುತ್ತ ಹೋದುದನ್ನು ಕಂಡ ಫೋರ್ಬ್ಸ್, ಆ ಇಳಿಕೆಯ ಗೆರೆಯನ್ನು ಕಾಗದದ ಮೇಲೆ ಇನ್ನಷ್ಟು ಮುಂದಕ್ಕೆಳೆದ. ಅದು ಸುಮಾರು ೩೦೦ ಮಾರಿನಲ್ಲಿ ಸೊನ್ನೆಯನ್ನು ಮುಟ್ಟಿತು. ಅಲ್ಲಿಂದ ಕೆಳಗೆ ಜೀವವಿರಲಾರದೆಂದು ೧೮೪೩ರಲ್ಲಿ ಆತ ಸೂಚಿಸಿದ.

ಈಜಿಯನ್ ಕಡಲು ಆಹಾರಸತ್ತ್ವದಲ್ಲಿ ಬಡವಾದ ಕಡಲು. ಬಡವನ ಮನೆಯ ಉಗ್ರಾಣವನ್ನು ನೋಡಿ ಊರಿನಲ್ಲೇ ಧಾನ್ಯವಿಲ್ಲವೆಂದು ತೀರ್ಮಾನಿಸಿದಂತಾಯಿತು. ಆದರೆ ತರ್ಕ ಬಲವಾಗಿತ್ತು. ಅಲ್ಲಿ ಬೆಳಕಿಲ್ಲ, ಗಿಡವಿಲ್ಲ, ಮೈ ಕೊರೆಯುವ ಚಳಿ, ಮೇಲೆ ನೀರಿನ ಅಗಾಧ ಒತ್ತಡ, ಬದುಕುವುದಾದರೂ ಹೇಗೆ? ಫೋರ್ಬ್ಸ್ ಸೂಚನೆಯಾಗಿ ಹೇಳಿದ್ದನ್ನು ಹಿಂದೆ ಬಂದವರು ಸಿದ್ಧಾಂತ ಮಾಡಿದರು. ನನಗೆ ಆಶ್ಚರ್ಯವೆನಿಸುವುದು ಅವರ ತಪ್ಪಲ್ಲ, ಅವರ ಕುರುಡು. ೧೮೧೮ರಲ್ಲೇ ಬ್ಯಾಫಿನ್ ಕೊಲ್ಲಿಯಲ್ಲಿ ಆಳವನ್ನಳೆಯುತ್ತಿದ್ದ ಜಾನ್ ರಾಸ್‌ನ ಹಗ್ಗಕ್ಕೆ, ಫೋರ್ಬ್ಸ್ ಎಳೆದ ಗೆರೆಗಿಂತ ಬಹಳ ಕೆಳಗಿನಿಂದ, ನಕ್ಷತ್ರಮೀನಿನ ಬಳಗದ ಜೀವಿಯೊಂದು ಸುತ್ತಿಕೊಂಡು ಬಂದಿತ್ತು. ಆ ವರದಿ ಅಚ್ಚಾಗಿ ಗ್ರಂಥಾಲಯಗಳಲ್ಲಿತ್ತು. ಹಗ್ಗ ಮೇಲೆ ಬರುವಾಗ ನಡುನೀರಿನಲ್ಲಿ ತಗಲಿಕೊಂಡಿರಬೇಕೆಂದರೆ ಎಂಥ ಸಾಕ್ಷಿಯನ್ನಾದರೂ ತಳ್ಳಿಹಾಕಬಹುದಷ್ಟೆ.

ತಳ್ಳಿಹಾಕಲಾಗದ ಸಾಕ್ಷಿ ಪಂಡಿತರಿಂದಲ್ಲ, ತಂತಿ ಇಲಾಖೆಯ ಕಡೆಯಿಂದ ಬಂತು. ಸಾರ್ಡೀನಿಯಕ್ಕೂ ಆಲ್ಜೀರಿಯಕ್ಕೂ ನಡುವೆ ಕಡಲ ತಳದಲ್ಲಿ ಹಾಸಿದ್ದ ಟೆಲಿಗ್ರಾಫ್ ತಂತಿ ಕೆಟ್ಟುಹೋಗಿ, ೧೮೬೦ರಲ್ಲಿ ಅದನ್ನು ಮೇಲೆತ್ತಿದರು. ಸಾವಿರ ಮಾರಿಗೂ ಹೆಚ್ಚು ಆಳದಲ್ಲಿದ್ದ ಭಾಗದ ಮೇಲೆ ಹವಳದ ಜೀವಿಗಳು ಬೇರೂರಿದಂತೆ ಅಂಟಿ ಬೆಳೆದಿದ್ದವು. ದಾರಿಯಲ್ಲಿ ತಗಲಿಕೊಂಡವೆಂದು ಇವನ್ನು ಹೇಳುವಂತಿರಲಿಲ್ಲ. ಅಲ್ಲೇ ಹುಟ್ಟಿ ಅಲ್ಲೇ ಬೆಳೆದವು. ಅಷ್ಟರಲ್ಲಿ ಫೋರ್ಬ್ಸ್ ಮೂವತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು.

ಮುಂದಿನ ಹೆಜ್ಜೆ ಇಟ್ಟವನು ವೈವಿಲ್ ಥಾಮ್ಸನ್; ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಫೋರ್ಬ್ಸ್ ಕುಳಿತಿದ್ದ ಪೀಠವೇ ಮುಂದೆ ಈತನದಾಯಿತು. ೧೮೬೯ರಲ್ಲಿ ‘ಪೋರ್ಕುಪೈನ್’ ಹಡಗಿನಿಂದ ೨,೪೩೫ ಮಾರಿನ ಆಳಕ್ಕೆ ಗೋರುಬಲೆ ಇಳಿದು ಜೀವಿಗಳೊಡನೆ ಮೇಲೆ ಬಂದಾಗ ಸೊನ್ನೆಯ ಗೆರೆ ಅಳಿಸಿಹೋಯಿತು. ಆಮೇಲಿನದು ‘ಚಾಲೆಂಜರ್’ ಯಾತ್ರೆ. ಯುದ್ಧನೌಕೆಯೊಂದರ ಬಹುಪಾಲು ಫಿರಂಗಿಗಳನ್ನು ಕಳಚಿ ಪ್ರಯೋಗಶಾಲೆ ಮಾಡಿ, ೧೮೭೨ರ ಡಿಸೆಂಬರಿನಲ್ಲಿ ಹೊರಟವರು ೧೮೭೬ರ ಮೇ ತಿಂಗಳಲ್ಲಿ ಹಿಂದಿರುಗಿದರು. ಕ್ರಮಿಸಿದ ದಾರಿ ೬೮,೮೯೦ ನಾವಿಕ ಮೈಲಿ. ಅಂದಿನವರೆಗೆ ಹೆಸರಿಲ್ಲದಿದ್ದ ಸುಮಾರು ೪,೭೦೦ ಜೀವಜಾತಿಗಳು. ಐವತ್ತು ಸಂಪುಟಗಳ ವರದಿ. ಅದು ಮುಗಿಯುವುದನ್ನು ಕಾಣದೆ ಥಾಮ್ಸನ್ ೧೮೮೨ರಲ್ಲಿ ತೀರಿಕೊಂಡ. ನಮ್ಮ ಸುತ್ತಣ ಕಡಲುಗಳಲ್ಲಿಯೂ ಇಂಥ ಕೆಲಸ ನಡೆಯದೆ ಇರಲಿಲ್ಲ. ಭಾರತದ ಸಮುದ್ರಗಳನ್ನು ಅಳೆಯುತ್ತಿದ್ದ ‘ಇನ್ವೆಸ್ಟಿಗೇಟರ್’ ಹಡಗಿನ ವೈದ್ಯ ಆಲ್ಕಾಕ್ ಆಳದ ಜೀವಿಗಳನ್ನು ಸಂಗ್ರಹಿಸಿ, ೧೯೦೨ರಲ್ಲಿ ಅವುಗಳ ಮೇಲೆ ಸೊಗಸಾದ ಪುಸ್ತಕವೊಂದನ್ನೇ ಬರೆದ.

ಇಲ್ಲವೆಂದವರು ಎಡವಿದಂತೆ ಇದೆಯೆಂದವರೂ ಎಡವಿದ್ದುಂಟು. ಥಾಮಸ್ ಹಕ್ಸ್‌ಲಿ ಸಾಮಾನ್ಯನಲ್ಲ. ಸಾಗರತಳದಿಂದ ತಂದು ಮದ್ಯಸಾರದಲ್ಲಿಟ್ಟಿದ್ದ ಕೆಸರಿನಲ್ಲಿ ಲೋಳೆಯಂಥದನ್ನು ಕಂಡು, ಇದೇ ಜೀವದ ಆದಿರೂಪವೆಂದು ಬಗೆದು ೧೮೬೮ರಲ್ಲಿ ‘ಬ್ಯಾಥಿಬಿಯಸ್’ ಎಂದು ನಾಮಕರಣವನ್ನೂ ಮಾಡಿದ. ಕಡಲ ತಳವೆಲ್ಲ ಈ ಜೀವರಸದಿಂದ ಹಾಸಿದೆಯೆಂಬ ಮಾತು ಹಬ್ಬಿತು. ಚಾಲೆಂಜರ್ ಹಡಗಿನ ರಸಾಯನಶಾಸ್ತ್ರಜ್ಞ ಬ್ಯುಕಾನನ್ ಪರೀಕ್ಷಿಸಿ ನೋಡಿದರೆ ಅದು ಜೀವವೇ ಅಲ್ಲ. ಸಮುದ್ರದ ನೀರಿಗೆ ಮದ್ಯಸಾರ ಬೆರೆತಾಗ ಇಳಿಯುವ ಕ್ಯಾಲ್ಸಿಯಂ ಸಲ್ಫೇಟ್! ಆ ಜೀವಿ ಹುಟ್ಟಿದ್ದು ಕಡಲಿನಲ್ಲಲ್ಲ, ಜಾಡಿಯಲ್ಲಿ. ಹಕ್ಸ್‌ಲಿ ೧೮೭೫ರಲ್ಲಿ ಇದನ್ನು ಬಹಿರಂಗವಾಗಿ ಒಪ್ಪಿಕೊಂಡ. ಆತನ ದೊಡ್ಡತನಕ್ಕೆ ಇದೂ ಒಂದು ಗುರುತೆಂದು ನಾನು ಎಣಿಸುತ್ತೇನೆ.

ಇಲ್ಲಿಯವರೆಗಿನದು ವಿದ್ವಾಂಸರ ಬಲೆಯ ಕಥೆ. ಬೆಸ್ತರ ಬಲೆಯ ಕಥೆ ಬೇರೆ. ೧೯೩೮ರ ಕ್ರಿಸ್ಮಸ್ಸಿಗೆ ಎರಡು ಮೂರು ದಿನ ಮುಂಚೆ, ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ರೇವಿಗೆ ಬಂದ ‘ನೆರೀನ್’ ಎಂಬ ಮೀನುಹಡಗಿನ ರಾಶಿಯಲ್ಲಿ, ಐದಡಿ ಉದ್ದದ ನೀಲಿ ಮೀನೊಂದು ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಕಣ್ಣಿಗೆ ಬಿತ್ತು. ಆಕೆ ಆ ಊರಿನ ಪುಟ್ಟ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ. ಮೀನಿನ ಈಜುರೆಕ್ಕೆಗಳು ಕೈಕಾಲುಗಳಂತೆ ದಪ್ಪ ಬುಡದ ಮೇಲೆ ಕುಳಿತಿದ್ದವು. ಬೇಸಿಗೆಯ ಸೆಕೆ, ಶವಾಗಾರದವರೂ ಶೀತಲಗೃಹದವರೂ ಅದನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಚರ್ಮವನ್ನಾದರೂ ಉಳಿಸಿಕೊಳ್ಳುವಂತೆ ಏರ್ಪಾಡು ಮಾಡಿ, ಆಕೆ ಚಿತ್ರವೊಂದನ್ನು ಬರೆದು ಜೆ. ಎಲ್. ಬಿ. ಸ್ಮಿತ್‌ಗೆ ಅಂಚೆಯಲ್ಲಿ ಕಳುಹಿಸಿದಳು. ಸ್ಮಿತ್ ಕಾಲೇಜಿನಲ್ಲಿ ಕಲಿಸುತ್ತಿದ್ದುದು ರಸಾಯನಶಾಸ್ತ್ರ, ಪ್ರೀತಿಸುತ್ತಿದ್ದುದು ಮೀನುಗಳನ್ನು. ಆ ಗೀಚುಚಿತ್ರದಲ್ಲಿ ಆತ ಕಂಡದ್ದು ಸೀಲಕ್ಯಾಂತ್. ಆರೂವರೆ ಕೋಟಿ ವರ್ಷಗಳ ಹಿಂದೆಯೇ ಅಳಿದು ಪಳೆಯುಳಿಕೆಯಾಗಿ ಮಾತ್ರ ಉಳಿದಿದೆಯೆಂದು ಎಲ್ಲರೂ ನಂಬಿದ್ದ ಮೀನು.

ಎರಡನೆಯ ಮೀನಿಗಾಗಿ ಸ್ಮಿತ್ ನೂರು ಪೌಂಡುಗಳ ಬಹುಮಾನ ಸಾರಿ ಕರಪತ್ರ ಹಂಚಿದ. ಅದು ಸಿಕ್ಕಿದ್ದು ಹದಿನಾಲ್ಕು ವರ್ಷಗಳ ಮೇಲೆ, ೧೯೫೨ರಲ್ಲಿ, ಕೊಮೊರೊ ದ್ವೀಪಗಳಲ್ಲಿ. ಅಲ್ಲಿ ವಿಚಾರಿಸಿದರೆ ಬೆಸ್ತರಿಗೆ ಇದೇನೂ ಹೊಸದಲ್ಲ! ರಾತ್ರಿ ಸಣ್ಣ ದೋಣಿಗಳಲ್ಲಿ ಉದ್ದದ ಗಾಳದ ಹಗ್ಗ ಬಿಟ್ಟು ಕುಳಿತಾಗ ಆಗೊಮ್ಮೆ ಈಗೊಮ್ಮೆ ಬೀಳುವ ಈ ಮೀನನ್ನು ಅವರು ‘ಗೊಂಬೆಸ್ಸಾ’ ಎನ್ನುತ್ತಿದ್ದರು. ಕನ್ನಡದ ಕಿವಿಗೆ ಗೊಂಬೆಯನ್ನು ನೆನಪಿಸುವ ಹೆಸರು. ರುಚಿಯಿಲ್ಲದ ಮೀನೆಂದು ಅದಕ್ಕೆ ಅವರಲ್ಲಿ ಬೆಲೆಯಿರಲಿಲ್ಲ. ೧೯೯೭ರಲ್ಲಿ ಇಂಡೊನೇಷ್ಯದ ಸುಲವೇಸಿಯ ಮೀನುಪೇಟೆಯೊಂದರಲ್ಲಿ ಇದರ ಸೋದರಜಾತಿ ಕಾಣಿಸಿಕೊಂಡಾಗಲೂ ಹೀಗೆಯೇ. ಅಲ್ಲಿನವರ ಬಾಯಲ್ಲಿ ಅದಕ್ಕೆ ಆಗಲೇ ‘ರಾಜಾ ಲಾವುತ್’ ಎಂಬ ಹೆಸರಿತ್ತು, ಕಡಲ ರಾಜನೆಂದು ಅರ್ಥ. ಅಜ್ಞಾತವೆಂದು ನಾವು ಬರೆಯುವಾಗ, ಯಾರಿಗೆ ಅಜ್ಞಾತವೆಂಬುದನ್ನು ಬರೆಯುವುದಿಲ್ಲ. ಆ ಮೀನಿಗೆ ಹೆಸರಿತ್ತು, ಅಚ್ಚಾಗಿರಲಿಲ್ಲ, ಅಷ್ಟೆ.

ಕೇಳುಗರಲ್ಲಿ ಕೆಲವರಿಗೆ ನಿರಾಸೆಯಾಗಿರಬಹುದು. ಅಜ್ಞಾತ ಜೀವಿಯೆಂದರೆ ಹಡಗನ್ನು ಮಗುಚುವಂಥದು ಬೇಕೆನಿಸುವುದು ಸಹಜ. ದೈತ್ಯ ಸ್ಕ್ವಿಡ್ ಇದೆ. ನಾವಿಕರ ಹರಟೆಯೆಂದು ಬಹುಕಾಲ ನಗೆಗೀಡಾಗಿದ್ದ ಅದನ್ನು ಅದರ ಆಳದ ಮನೆಯಲ್ಲೇ, ೯೦೦ ಮೀಟರ್ ಕೆಳಗೆ, ೨೦೦೪ರಲ್ಲಿ ಜಪಾನೀಯರು ಛಾಯಾಚಿತ್ರದಲ್ಲಿ ಹಿಡಿದರು. ಆದರೆ ಇಂದಿಗೂ ಹೆಸರಿಲ್ಲದವುಗಳಲ್ಲಿ ಬಹುಪಾಲು ಹುಳುಗಳು, ಸೀಗಡಿಯ ದೂರದ ನೆಂಟರು, ಬೆರಳುದ್ದಕ್ಕೂ ಸಾಲದವು. ತಿಮಿಂಗಿಲಗಿಲವನ್ನು ಕಲ್ಪಿಸಿದವರು ಇವನ್ನು ಕಲ್ಪಿಸಿರಲಾರರು.

ಇವುಗಳ ಮಾತು ಈಗೇಕೆಂದರೆ, ಅದಕ್ಕೂ ಚಾಲೆಂಜರಿಗೂ ನಂಟಿದೆ. ೧೮೭೩ರಲ್ಲಿ ಆ ಹಡಗಿನ ಬಲೆಗೆ ಜೀವಿಗಳೊಡನೆ ಆಲೂಗೆಡ್ಡೆಯಂಥ ಕಪ್ಪು ಗಂಟುಗಳೂ ಬಂದವು. ಅವುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇವೆ. ಅಂದು ಕುತೂಹಲದ ವಸ್ತುವಾಗಿದ್ದ ಇವು ಇಂದು ಕಾರ್ಖಾನೆಗಳಿಗೆ ಬೇಕಾಗಿವೆ. ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ ೭೫,೦೦೦ ಚದರ ಕಿಲೋಮೀಟರ್ ಜಾಗದಲ್ಲಿ ಇವನ್ನು ಅನ್ವೇಷಿಸಲು ಭಾರತವೂ ೨೦೦೨ರಲ್ಲಿ ಕರಾರು ಮಾಡಿಕೊಂಡಿದೆ. ಪೆಸಿಫಿಕ್ ಸಾಗರದಲ್ಲಿ ಗಂಟುಗಳು ತುಂಬಿರುವ ಕ್ಲೇರಿಯನ್-ಕ್ಲಿಪರ್ಟನ್ ಪ್ರದೇಶದ ಜೀವಿಗಳನ್ನು ವಿಜ್ಞಾನಿಗಳು ಪಟ್ಟಿ ಮಾಡಿ ೨೦೨೩ರಲ್ಲಿ ಪ್ರಕಟಿಸಿದರು: ಅಂದಾಜು ೫,೫೭೮ ಜಾತಿಗಳು, ನೂರಕ್ಕೆ ಸುಮಾರು ತೊಂಬತ್ತಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ. ಆ ಕೆಸರಿನ ಬಯಲಿನಲ್ಲಿ ಸ್ಪಂಜುಗಳಿಗೂ ಹವಳಗಳಿಗೂ ಕಚ್ಚಿ ನಿಲ್ಲಲು ಗಟ್ಟಿಯಾಗಿ ಸಿಗುವುದು ಈ ಗಂಟುಗಳೇ. ಮತ್ತು ಒಂದು ಗಂಟು ಕೆಲವು ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಹಿಡಿಯುತ್ತದೆ.