ಪೀಪಾಯಿ ಮೀನಿಗೆ ಬಂದ ಹೊಸ ಬೆಲೆ

ಗುಜರಾತಿನ ವೇರಾವಳದ ಮೀನುಗಾರರು ತಿಮಿಂಗಿಲ ಶಾರ್ಕನ್ನು ಬಹುಕಾಲ ‘ಬ್ಯಾರಲ್’ ಎಂದೇ ಕರೆಯುತ್ತಿದ್ದರು. ಆ ಹೆಸರು ಬಂದದ್ದು ಬೇಟೆಯ ಕ್ರಮದಿಂದ. ನೀರಿನ ಮೇಲ್ಪದರದಲ್ಲಿ ಬಾಯಿ ತೆರೆದು ಪ್ಲಾಂಕ್ಟನ್ ಸೋಸುತ್ತ ನಿಧಾನಕ್ಕೆ ಸಾಗುವ ಮೀನಿನ ಮೈಗೆ ದೊಡ್ಡ ಕಬ್ಬಿಣದ ಕೊಕ್ಕೆ ಚುಚ್ಚುವುದು. ಕೊಕ್ಕೆಗೆ ಹಗ್ಗ, ಹಗ್ಗದ ತುದಿಗೆ ಖಾಲಿ ಪೀಪಾಯಿಗಳು. ಪೀಪಾಯಿ ಮುಳುಗಗೊಡದು, ಮೀನು ಆಳಕ್ಕಿಳಿಯಲಾರದು. ಎಳೆದಾಡಿ ಸುಸ್ತಾದ ಮೇಲೆ ದೋಣಿಗೆ ಕಟ್ಟಿ ದಡಕ್ಕೆ ತರುತ್ತಿದ್ದರು. ಮೊದಲು ಅದರ ಯಕೃತ್ತಿನ ಎಣ್ಣೆಗಷ್ಟೇ ಬೇಡಿಕೆ. ಮರದ ದೋಣಿಯೊಳಗೆ ನೀರು ಜಿನುಗದಂತೆ ಅದನ್ನು ಬಳಿಯುತ್ತಿದ್ದರು. 1990ರ ದಶಕದಲ್ಲಿ ತೈವಾನಿನ ಮಾರುಕಟ್ಟೆ ಮಾಂಸಕ್ಕೆ ಬೆಲೆ ಕಟ್ಟಿದ ಮೇಲೆ ಬೇಟೆ ದಂಧೆಯಾಯಿತು. ಇದನ್ನು ಚಿತ್ರೀಕರಿಸಿದವರು ಮೈಕ್ ಪಾಂಡೆ. ಅವರ ‘ಶೋರ್ಸ್ ಆಫ್ ಸೈಲೆನ್ಸ್’ ಸಾಕ್ಷ್ಯಚಿತ್ರಕ್ಕೆ 2000ದಲ್ಲಿ, ‘ಗ್ರೀನ್ ಆಸ್ಕರ್’ ಎಂದು ಹೆಸರಾದ ವೈಲ್ಡ್‌ಸ್ಕ್ರೀನ್ ಪ್ರಶಸ್ತಿ ಬಂತು. 2001ರ ಮೇ ತಿಂಗಳಲ್ಲಿ ಈ ಮೀನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿ ಸೇರಿತು. ಹುಲಿ, ಆನೆಗಳ ಸಾಲಿಗೆ ಮೀನೊಂದು ಸೇರಿದ್ದು ಅದೇ ಮೊದಲು.

ಇಲ್ಲಿಗೆ ಕಥೆ ಮುಗಿಸಿ, ಸಿನಿಮಾ ಒಂದು ಜೀವಿಯನ್ನು ಉಳಿಸಿತು ಎಂದು ಬರೆಯುವುದು ರೂಢಿ. ಆದರೆ ಪ್ರಶಸ್ತಿ ಬಂದ ಚಿತ್ರವನ್ನು ವೇರಾವಳದ ದಕ್ಕೆಯಲ್ಲಿ ನೋಡಿದವರೆಷ್ಟು? ಕಾಯಿದೆ ಬಂದಮೇಲೂ ಹಲವು ಮೀನುಗಾರರಿಗೆ ಅದರ ಸುದ್ದಿಯೇ ಮುಟ್ಟಿರಲಿಲ್ಲ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ನಡೆಸಿದ ಆಂದೋಲನ ಆ ಕೊರತೆ ತುಂಬಿತು. ರಾಮಕಥೆ ಹೇಳುವ ಮೊರಾರಿ ಬಾಪು, ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳು, ಅವಳನ್ನು ಕೊಲ್ಲುವುದುಂಟೇ ಎಂದು ಕರಾವಳಿಯ ಜನರನ್ನು ಕೇಳಿದರು. ಮಾತು ನಾಟಿತು. ಆದರೂ ಮಾತಿನ ಮೇಲಷ್ಟೇ ಆ ಬದಲಾವಣೆ ನಿಲ್ಲುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಬಲೆಗೆ ಬಿದ್ದ ಮೀನನ್ನು ಬಿಡಬೇಕಾದರೆ ಬಲೆ ಕತ್ತರಿಸಬೇಕು, ಬಲೆಯೆಂದರೆ ಸಾವಿರಾರು ರೂಪಾಯಿ. ಅರಣ್ಯ ಇಲಾಖೆ ಆ ನಷ್ಟಕ್ಕೆ 25,000 ರೂಪಾಯಿವರೆಗೆ ಪರಿಹಾರ ಗೊತ್ತುಮಾಡಿತು. ಮುಂದೆ ಮೀನುಗಾರರ ಕೈಗೇ ಕ್ಯಾಮೆರಾ ಬಂತು: ಬಲೆ ಕತ್ತರಿಸಿ ಮೀನು ಬಿಡುವುದನ್ನು ಅವರೇ ಚಿತ್ರ ತೆಗೆದು ತೋರಿಸಿದರೆ ಸಾಕು, ಅಧಿಕಾರಿ ದೋಣಿಗೆ ಬರುವತನಕ ಮೀನು ಉಸಿರುಗಟ್ಟುತ್ತ ಕಾಯಬೇಕಿಲ್ಲ. ಹೀಗೆ ಬಿಡುಗಡೆಯಾದ ಮೀನುಗಳು ನೂರಾರು. ಪ್ರಶಸ್ತಿ ಗೆದ್ದ ಕ್ಯಾಮೆರಾಕ್ಕಿಂತ ಈ ಎರಡನೇ ಕ್ಯಾಮೆರಾದ ಕೆಲಸವೇ ಹೆಚ್ಚಿನದು ಎಂಬುದು ನನ್ನ ಎಣಿಕೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಇಷ್ಟೆಲ್ಲ ನಡೆದದ್ದು ಪ್ರವಾಸಿಗರ ಹಣವನ್ನು ನೆಚ್ಚಿಕೊಳ್ಳದೆ.

ಹಾಗಾದರೆ, ಸತ್ತ ಮೀನಿಗಿಂತ ಬದುಕಿರುವ ಮೀನಿಗೇ ಬೆಲೆ ಹೆಚ್ಚು, ಪ್ರವಾಸೋದ್ಯಮ ಬಂದರೆ ಬೇಟೆ ತಾನಾಗಿ ನಿಲ್ಲುತ್ತದೆ ಎಂಬ ವಾದ ಪೊಳ್ಳೇ? ಪೂರ್ತಿ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದ ನಿಂಗಲೂ ಹವಳದಿಬ್ಬದಲ್ಲಿ 1993ರಿಂದ ಪರವಾನಗಿಯ ಅಡಿ ಈ ಉದ್ಯಮ ನಡೆದಿದೆ. ಮೀನಿನ ಸುತ್ತ 250 ಮೀಟರ್ ಒಳಗೆ ಒಮ್ಮೆಗೆ ಒಂದೇ ದೋಣಿ, ನೀರಿನಲ್ಲಿ ಹತ್ತು ಜನಕ್ಕಿಂತ ಹೆಚ್ಚಿಲ್ಲ, ಮೈಯಿಂದ ಮೂರು ಮೀಟರ್, ಬಾಲದಿಂದ ನಾಲ್ಕು ಮೀಟರ್ ದೂರ, ಮುಟ್ಟುವಂತಿಲ್ಲ. ಫಿಲಿಪೀನ್ಸಿನ ದೊನ್ಸೋಲ್‌ನಲ್ಲಿ ಹವ್ಯಾಸಿ ಮುಳುಗುಗಾರರ ವಿಡಿಯೊದಿಂದ 1998ರಲ್ಲಿ ಸುದ್ದಿ ಹರಡಿತು. ಸುದ್ದಿಯ ಬೆನ್ನಿಗೇ ಬೇಟೆಗಾರರೂ ಬಂದರು. ಅದೇ ವರ್ಷ ಮಾರ್ಚಿನಲ್ಲಿ ದೇಶವೇ ಬೇಟೆ ನಿಷೇಧಿಸಿತು. ಊರಿನವರೇ ತರಬೇತಿ ಪಡೆದು ಮಾರ್ಗದರ್ಶಕರಾದರು. ಒಂದು ದೋಣಿಗೆ ಆರೇ ಈಜುಗಾರರು, ಸಿಲಿಂಡರ್ ಹೊತ್ತು ಇಳಿಯುವಂತಿಲ್ಲ.

ಅದೇ ದೇಶದ ಓಸ್ಲೋಬ್‌ನಲ್ಲಿ ಕ್ರಮ ತಲೆಕೆಳಗಾಯಿತು. 2011ರ ಸುಮಾರಿಗೆ ಅಲ್ಲಿನವರು ಸಣ್ಣ ಸಿಗಡಿ ಎರಚಿ ಮೀನುಗಳನ್ನು ದಡದ ಹತ್ತಿರಕ್ಕೆ ಕರೆಯತೊಡಗಿದರು. ಪ್ರವಾಸಿಗರು ಮೊದಲು ಬಂದರು, ನಿಯಮ ಆಮೇಲೆ. ಬೆಳಗಾದರೆ ದೋಣಿಯ ಮಗ್ಗುಲಲ್ಲಿ ಮೀನು ನೆಟ್ಟಗೆ ನಿಂತು, ಮುಖ ಮೇಲೆತ್ತಿ ಕೈತುತ್ತಿಗೆ ಬಾಯಿ ತೆರೆಯುತ್ತದೆ; ಸುತ್ತ ಲೈಫ್‌ಜಾಕೆಟ್ ತೊಟ್ಟ ಜನ, ಎತ್ತಿ ಹಿಡಿದ ಕ್ಯಾಮೆರಾಗಳು. ದೋಣಿಗಳಿಗೆ ಹೆದರುವುದನ್ನೇ ಮರೆತ ಮೀನುಗಳ ಮೈಮೇಲೆ ಗಾಯದ ಗುರುತುಗಳನ್ನು ಸಂಶೋಧಕರು ದಾಖಲಿಸಿದ್ದಾರೆ. ವಲಸೆ ಹೋಗಬೇಕಾದ ಕೆಲವು ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ.

ಇದಕ್ಕೆ ಓಸ್ಲೋಬ್‌ನವರ ಉತ್ತರ ಗಟ್ಟಿಯಾದದ್ದೇ. ಕಡಲಲ್ಲಿ ಮೀನು ಬರಿದಾದ ಬಡ ಊರಿನಲ್ಲಿ ಮಕ್ಕಳ ಓದು, ಮನೆ, ಆಸ್ಪತ್ರೆಯ ಖರ್ಚು ಈ ದುಡಿಮೆಯಿಂದಲೇ ನಡೆದಿದೆ; ಯಾರೂ ಕೊಕ್ಕೆ ಹಿಡಿದಿಲ್ಲ. ದೂರದಲ್ಲಿ ಕುಳಿತವರು ಅದನ್ನು ಅಲ್ಲಗಳೆಯುವುದು ಸುಲಭ, ನ್ಯಾಯವಲ್ಲ. ಆದರೆ ದೊನ್ಸೋಲ್‌ನವರೂ ಮೀನುಗಾರರೇ, ತುತ್ತು ಹಾಕದೆಯೇ ಅವರು ಉದ್ಯಮ ಕಟ್ಟಿದರು. ಅವರು ಕಷ್ಟಪಟ್ಟದ್ದು ಮೀನು ಬಾರದ ವರ್ಷಗಳಲ್ಲಿ. ದಿನಾ ಮೀನು ಸಿಗಲೇಬೇಕೆಂದು ಹಟಹಿಡಿಯುವವನು ಟಿಕೆಟ್ ಕೊಂಡ ಪ್ರವಾಸಿ, ಆ ಹಟಕ್ಕೆ ಓಸ್ಲೋಬ್ ಸಿಗಡಿ ಎರಚುತ್ತಿದೆ. ಇನ್ನೊಂದು ಆಕ್ಷೇಪ ಗುಜರಾತಿನ ಬಗ್ಗೆ: ಕಂಪನಿಯ ನೆರವು, ಸರ್ಕಾರದ ಪರಿಹಾರ ಎಂದಾದರೂ ನಿಲ್ಲಬಹುದು. ನಿಜ. ಆದರೆ 2020ರಲ್ಲಿ ವಿಮಾನಗಳು ನಿಂತಾಗ ಪ್ರವಾಸಿಗರ ಹಣವೂ ಜಗತ್ತಿನೆಲ್ಲೆಡೆ ನಿಂತಿತ್ತಲ್ಲ.

ಪ್ರವಾಸಿಯ ಆ ಹಟವನ್ನು ಬೆಳೆಸುವುದರಲ್ಲಿ ಚಿತ್ರಗಳ ಪಾಲೂ ಇದೆ; ಚಿತ್ರನಿರ್ಮಾಪಕರ ಹೊಣೆ ಇಲ್ಲಿಯೇ ಹೆಚ್ಚುತ್ತದೆ. ಹಿಂದಿನ ಸಾಹಸಚಿತ್ರಗಳಲ್ಲಿ ಮುಳುಗುಗಾರ ಈ ಮೀನಿನ ಬೆನ್ನುರೆಕ್ಕೆ ಹಿಡಿದು ಸವಾರಿ ಮಾಡುವುದೇ ಮೆಚ್ಚುಗೆಯ ದೃಶ್ಯ. ನೋಡಿದವರಿಗೂ ಅದೇ ಬೇಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಚಿತ್ರದಿಂದ ಒಳಿತೂ ಆಗಬಹುದು: ನಿಂಗಲೂವಿನಲ್ಲಿ ಪ್ರವಾಸಿಗರ ಚಿತ್ರಗಳೇ ವಿಜ್ಞಾನಕ್ಕೆ ಒದಗಿದವು. ಪ್ರತಿ ಮೀನಿನ ಬಿಳಿ ಚುಕ್ಕೆಗಳ ವಿನ್ಯಾಸ ಬೇರೆ ಬೇರೆ. ನಕ್ಷತ್ರಗಳನ್ನು ಹೋಲಿಸಲು ಖಗೋಳಜ್ಞರು ಬಳಸುತ್ತಿದ್ದ ಗಣಿತದಿಂದ ಆ ಚುಕ್ಕೆಗಳನ್ನು ಹೋಲಿಸಿ ಒಂದೊಂದು ಮೀನನ್ನೂ ಗುರುತಿಸುವ ವಿಧಾನ 2005ರಲ್ಲಿ ಪ್ರಕಟವಾಯಿತು. ಅದಕ್ಕೆ ಬೇಕಾದದ್ದು ಕಿವಿರಿನ ಹಿಂಭಾಗದ ಒಂದು ಸ್ಪಷ್ಟ ಚಿತ್ರ. ಅದನ್ನು ಮೂರು ಮೀಟರ್ ದೂರದಿಂದ ತೆಗೆಯಬಹುದು. ನಮ್ಮ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ಡೈವಿಂಗ್ ದೋಣಿಗಳಿಗೂ ಒಮ್ಮೊಮ್ಮೆ ಈ ಮೀನು ಕಾಣಸಿಗುತ್ತದೆ. ಅಲ್ಲಿ ಜನಸಂದಣಿ ಬೆಳೆಯುವ ಮೊದಲೇ ದೂರದ ಲೆಕ್ಕ, ದೋಣಿಗಳ ಲೆಕ್ಕ ಗೊತ್ತುಮಾಡುವುದಕ್ಕೆ ಇನ್ನೂ ಅವಕಾಶವಿದೆ.