ಹೊಸ್ತಿಲಿನ ಕೆಳಗಿನ ಪ್ರವಾಹ: ಟ್ರಾನ್ಸಿಸ್ಟರ್ ಮಾದರಿಗಳ ನಿಖರತೆಯ ಚರಿತ್ರೆ

ವಿದ್ಯುನ್ಮಂಡಲವೊಂದನ್ನು ಕಟ್ಟುವ ಮೊದಲೇ ಅದರ ನಡವಳಿಕೆಯನ್ನು ಗಣಕದಲ್ಲಿ ಲೆಕ್ಕಹಾಕಿ ನೋಡುವ ವಿಧಾನಕ್ಕೆ ಸಿಮ್ಯುಲೇಶನ್ ಎಂಬ ಹೆಸರಿದೆ. ಈ ಲೆಕ್ಕದಲ್ಲಿ ರೋಧಕ, ಧಾರಕಗಳು ತೊಂದರೆ ಕೊಡುವುದಿಲ್ಲ. ಒಂದೊಂದಕ್ಕೂ ಒಂದು ಸಾಲಿನ ನಿಯಮ ಸಾಕಾಗುತ್ತದೆ. ಟ್ರಾನ್ಸಿಸ್ಟರಿನ ಸಂಗತಿ ಬೇರೆ. ಅದರ ತುದಿಗಳಿಗೆ ಕೊಟ್ಟ ವೋಲ್ಟೇಜುಗಳಿಂದ ಒಳಗೆ ಹರಿಯುವ ಪ್ರವಾಹವನ್ನೂ ಅಲ್ಲಿ ಕೂಡಿಕೊಂಡಿರುವ ವಿದ್ಯುದಾವೇಶವನ್ನೂ ಹೇಳಬಲ್ಲ ಸಮೀಕರಣಗಳ ಒಂದು ಕಟ್ಟೇ ಬೇಕಾಗುತ್ತದೆ. ಆ ಕಟ್ಟಿಗೆ ಮಾದರಿ ಎಂದೂ, ಒಂದೊಂದು ಕಾರ್ಖಾನೆಯ ಒಂದೊಂದು ಬಗೆಯ ಟ್ರಾನ್ಸಿಸ್ಟರಿಗೆ ಹೊಂದುವಂತೆ ಅದರೊಳಗೆ ತುಂಬುವ ಸಂಖ್ಯೆಗಳಿಗೆ ನಿಯತಾಂಕಗಳೆಂದೂ ಹೆಸರು. ಮಾದರಿ ಎಷ್ಟು ನಿಖರ ಎಂಬ ಪ್ರಶ್ನೆಗೆ ಶೇಕಡಾವಾರು ಉತ್ತರವನ್ನು ನಿರೀಕ್ಷಿಸುವುದು ಸಹಜವಾದರೂ, ಕಳೆದ ಏಳು ದಶಕಗಳ ಚರಿತ್ರೆ ಆ ಪ್ರಶ್ನೆಯನ್ನೇ ತಿದ್ದುತ್ತದೆ: ಹೆಚ್ಚಿನ ಮಾದರಿಗಳು ತಮ್ಮನ್ನು ಕಟ್ಟಿದವರ ಕೆಲಸಕ್ಕೆ ಸಾಕಷ್ಟು ನಿಖರವಾಗಿಯೇ ಹುಟ್ಟಿದವು, ಬೇರೆ ಕೆಲಸದವರ ಕೈಗೆ ಹೋದಾಗಲೇ ಅವುಗಳ ತಪ್ಪು ಬೆಳಕಿಗೆ ಬಂತು.

ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. 1949ರಲ್ಲಿ ವಿಲಿಯಂ ಶಾಕ್ಲಿ ಪ್ರಕಟಿಸಿದ ಸಿದ್ಧಾಂತವು ಅರೆವಾಹಕಗಳ ಸಂಧಿಯ ಮೂಲಕ ಹರಿಯುವ ಪ್ರವಾಹವು ವೋಲ್ಟೇಜಿನೊಡನೆ ಘಾತೀಯವಾಗಿ ಏರುತ್ತದೆಂದು, ಎಂದರೆ ಕೋಣೆಯ ಉಷ್ಣತೆಯಲ್ಲಿ ಸುಮಾರು 60 ಮಿಲಿವೋಲ್ಟ್ ಹೆಚ್ಚಿದಾಗಲೆಲ್ಲ ಹತ್ತು ಪಟ್ಟಾಗುತ್ತದೆಂದು ತೋರಿಸಿಕೊಟ್ಟಿತು. ಆ ಅಡಿಪಾಯದ ಮೇಲೆ ಅದೇ ಪ್ರಯೋಗಾಲಯದ ಜೆ. ಜೆ. ಎಬರ್ಸ್ ಮತ್ತು ಜಾನ್ ಮಾಲ್ ಅವರು 1954ರಲ್ಲಿ ಟ್ರಾನ್ಸಿಸ್ಟರನ್ನು ಒಂದರ ಪ್ರವಾಹ ಇನ್ನೊಂದನ್ನು ಪ್ರಭಾವಿಸುವ ಎರಡು ಡಯೋಡುಗಳ ಜೋಡಿಯಾಗಿ ಬರೆದರು. ಅವರ ಮುಂದಿದ್ದ ಬಳಕೆ ಧ್ವನಿವರ್ಧನೆಯದಾಗಿರಲಿಲ್ಲ. ಟ್ರಾನ್ಸಿಸ್ಟರನ್ನು ಸ್ವಿಚ್ಚಾಗಿ ದುಡಿಸುವುದಾಗಿತ್ತು, ಮತ್ತು ಸ್ವಿಚ್ಚು ಪೂರ್ತಿ ತೆರೆದಾಗ ಹಾಗೂ ಪೂರ್ತಿ ಮುಚ್ಚಿದಾಗ ಏನಾಗುತ್ತದೆಂಬುದಕ್ಕೆ ಅವರ ಸಮೀಕರಣಗಳು ಸೊಗಸಾದ ಉತ್ತರ ಕೊಟ್ಟವು. ಆದರೆ ಆ ಸಮೀಕರಣಗಳಲ್ಲಿ ಟ್ರಾನ್ಸಿಸ್ಟರಿನ ಗಳಿಕೆ, ಅಂದರೆ ಬೇಸ್ ಎಂಬ ತುದಿಯ ಪ್ರವಾಹಕ್ಕೂ ಕಲೆಕ್ಟರ್ ಎಂಬ ತುದಿಯ ಪ್ರವಾಹಕ್ಕೂ ಇರುವ ಅನುಪಾತ, ಬದಲಾಗದ ಒಂದು ಸಂಖ್ಯೆ. ನಿಜವಾದ ಟ್ರಾನ್ಸಿಸ್ಟರಿನಲ್ಲಿ ಅದು ತೀರ ಸಣ್ಣ ಪ್ರವಾಹದಲ್ಲೂ ಕುಗ್ಗುತ್ತದೆ, ತೀರ ದೊಡ್ಡ ಪ್ರವಾಹದಲ್ಲೂ ಕುಗ್ಗುತ್ತದೆ. ಕಲೆಕ್ಟರಿನ ವೋಲ್ಟೇಜು ಏರಿದಂತೆ ಬೇಸಿನ ಅಗಲ ಕಿರಿದಾಗಿ ಪ್ರವಾಹ ತುಸು ಹೆಚ್ಚುತ್ತದೆಂದು ಜೇಮ್ಸ್ ಅರ್ಲಿ 1952ರಲ್ಲೇ ವಿವರಿಸಿದ್ದರೂ ಮೂಲ ಮಾದರಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಸ್ವಿಚ್ಚಿಗೆ ಈ ತುಸು ಹೆಚ್ಚಳ ಲೆಕ್ಕಕ್ಕಿಲ್ಲ. ವರ್ಧಕಕ್ಕಾದರೋ ಅದು ಎಷ್ಟು ಪಟ್ಟು ವರ್ಧಿಸಬಲ್ಲುದೆಂಬುದರ ಮಿತಿಯನ್ನೇ ಅದು ಗೊತ್ತುಮಾಡುತ್ತದೆ.

ಈ ಕೊರತೆಗಳನ್ನು ಒಂದೇ ವಿಚಾರದಿಂದ ತುಂಬಿದವರು ಹರ್ಮನ್ ಗುಮ್ಮೆಲ್ ಮತ್ತು ಎಚ್. ಸಿ. ಪೂನ್. ಬೆಲ್ ಪ್ರಯೋಗಾಲಯದ ಪತ್ರಿಕೆಯಲ್ಲಿ 1970ರಲ್ಲಿ ಪ್ರಕಟವಾದ ಅವರ ಮಾದರಿಯು ಬೇಸಿನಲ್ಲಿ ಒಟ್ಟು ಎಷ್ಟು ವಿದ್ಯುದಾವೇಶವಿದೆ ಎಂಬ ಒಂದೇ ರಾಶಿಯ ಮೂಲಕ ಅರ್ಲಿಯ ಪರಿಣಾಮವನ್ನೂ ದೊಡ್ಡ ಪ್ರವಾಹದಲ್ಲಿನ ಕುಗ್ಗುವಿಕೆಯನ್ನೂ ಒಟ್ಟಿಗೆ ಹೇಳಿತು. ಟ್ರಾನ್ಸಿಸ್ಟರ್ ಮಾದರಿಗಳ ಇಡೀ ಚರಿತ್ರೆಯಲ್ಲಿ ಇಷ್ಟು ಕಡಿಮೆ ನಿಯತಾಂಕಗಳಿಂದ ಇಷ್ಟು ಹೆಚ್ಚು ಸಂಗತಿಗಳನ್ನು ಹಿಡಿದಿಟ್ಟ ಇನ್ನೊಂದು ರಚನೆಯನ್ನು ತೋರಿಸುವುದು ಕಷ್ಟ.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1969-70ರಲ್ಲಿ ರಾನ್ ರೋರರ್ ನಡೆಸಿದ ತರಗತಿಯೊಂದರ ವಿದ್ಯಾರ್ಥಿಗಳು ಬರೆದ ಪ್ರೋಗ್ರಾಮಿನಿಂದ ಬೆಳೆದು ಲ್ಯಾರಿ ನಾಗೆಲ್ ಅವರ ಕೈಯಲ್ಲಿ ರೂಪ ಪಡೆದ ಸಿಮ್ಯುಲೇಟರಿಗೆ ಕ್ಯಾನ್ಸರ್ ಎಂಬ ವಿಚಿತ್ರ ಹೆಸರಿತ್ತು. ಆ ಹೆಸರಿನ ಕೊನೆಯ ಅಕ್ಷರಗಳು ವಿಕಿರಣವನ್ನು ಹೊರತುಪಡಿಸಿದ್ದು ಎಂಬ ಅರ್ಥವನ್ನು ಸೂಚಿಸುತ್ತಿದ್ದವು. ಅಂದಿನ ಅನೇಕ ಸಿಮ್ಯುಲೇಟರುಗಳು ರಕ್ಷಣಾ ಇಲಾಖೆಯ ಹಣದಿಂದ ಹುಟ್ಟಿ, ಪರಮಾಣು ವಿಕಿರಣಕ್ಕೆ ಸಿಕ್ಕ ಮಂಡಲಗಳ ಲೆಕ್ಕವನ್ನು ಹೇಳುತ್ತಿದ್ದುದರಿಂದ, ಆ ಹೆಸರಿನಲ್ಲಿ ಒಂದು ಅಣಕವೂ ಇತ್ತು. ರೋರರ್ ಬಳಿಕ ಮಾರ್ಗದರ್ಶಕರಾದ ಡೊನಾಲ್ಡ್ ಪೀಡರ್ಸನ್ ಅವರು ಪ್ರೋಗ್ರಾಮು ಯಾರು ಕೇಳಿದರೂ ಮುಕ್ತವಾಗಿ ಸಿಗಬೇಕೆಂದು ಪಟ್ಟು ಹಿಡಿದರು. ಹೀಗೆ 1972ರಲ್ಲಿ ಸ್ಪೈಸ್ ಎಂಬ ಹೊಸ ಹೆಸರಿನಲ್ಲಿ ಅದು ಹೊರಬಂತು, 1975ರಲ್ಲಿ ಅದರ ಎರಡನೆಯ ಆವೃತ್ತಿ ನಾಗೆಲ್ ಅವರ ಪಿಎಚ್‌ಡಿ ಪ್ರಬಂಧವಾಯಿತು. ಬೇಸ್, ಕಲೆಕ್ಟರುಗಳುಳ್ಳ ಮೇಲಿನ ಬಗೆಗೆ, ಎಂದರೆ ಬೈಪೋಲಾರ್ ಟ್ರಾನ್ಸಿಸ್ಟರಿಗೆ, ಅದರಲ್ಲಿ ಗುಮ್ಮೆಲ್-ಪೂನ್ ಮಾದರಿಯೇ ಸೇರಿತು. ಒಂದೇ ಚಿಪ್ಪಿನ ಮೇಲೆ ಕೊರೆದ ಮಂಡಲವನ್ನು ಬಿಡಿಭಾಗಗಳಿಂದ ಹಲಗೆಯ ಮೇಲೆ ಕಟ್ಟಿ ಪರೀಕ್ಷಿಸುವುದು ಅರ್ಥಹೀನವಾಗುತ್ತ ಬಂದಿದ್ದ ಆ ಕಾಲದಲ್ಲಿ, ಟೇಪಿನಲ್ಲಿ ನಕಲಾಗಿ ಊರೂರಿಗೆ ಹೋದ ಸ್ಪೈಸ್ ತನ್ನ ಜೊತೆಗೆ ತನ್ನೊಳಗಿನ ಮಾದರಿಗಳನ್ನೂ, ಅವುಗಳ ತಪ್ಪುಗಳನ್ನೂ ಒಯ್ದಿತು.

ಇಲ್ಲಿ ಸಿಮ್ಯುಲೇಟರಿನ ಕೆಲಸದ ರೀತಿಯನ್ನು ಒಂದಿಷ್ಟು ತಿಳಿಯಬೇಕಾಗುತ್ತದೆ. ಅದು ಮಂಡಲದ ಎಲ್ಲ ವೋಲ್ಟೇಜುಗಳನ್ನೂ ಮೊದಲು ಊಹಿಸಿ, ಆ ಊಹೆಯಲ್ಲಿ ಒಂದೊಂದು ಟ್ರಾನ್ಸಿಸ್ಟರಿನ ಪ್ರವಾಹವನ್ನೂ ಪ್ರವಾಹದ ವಕ್ರರೇಖೆಯ ಇಳಿಜಾರನ್ನೂ ಮಾದರಿಯಿಂದ ಕೇಳಿ, ಊಹೆಯನ್ನು ತಿದ್ದಿ, ಮತ್ತೆ ಕೇಳುತ್ತದೆ. ನ್ಯೂಟನ್ ಮತ್ತು ರಾಫ್ಸನ್ ಹೆಸರಿನ ಈ ಕ್ರಮವು ಉತ್ತರ ನಿಲ್ಲುವವರೆಗೆ ಸಾಗುತ್ತದೆ. ಆದ್ದರಿಂದ ಮಾದರಿಗೆ ಭೌತವಿಜ್ಞಾನದ ನಿಷ್ಠೆಯೊಂದೇ ಸಾಲದು: ಸಮೀಕರಣ ಬೇಗ ಮುಗಿಯಬೇಕು, ಅದರ ರೇಖೆಯಲ್ಲಿ ಮುರಿವಾಗಲಿ ಮೊನೆಯಾಗಲಿ ಇರಬಾರದು, ನಿಯತಾಂಕಗಳು ಅಳೆಯಲು ಸಿಗುವಂಥವಾಗಿರಬೇಕು. ಈ ಬೇಡಿಕೆಗಳು ಒಂದಕ್ಕೊಂದು ಒಗ್ಗುವುದಿಲ್ಲ. ಮುಂದಿನ ಚರಿತ್ರೆಯೆಲ್ಲ ಅವುಗಳ ನಡುವಿನ ಜಗ್ಗಾಟ.

ಜಗ್ಗಾಟ ಬಿರುಸಾದದ್ದು ಮಾಸ್ ಟ್ರಾನ್ಸಿಸ್ಟರಿನ ವಿಷಯದಲ್ಲಿ. ಇದರಲ್ಲಿ ಲೋಹದ, ಬಳಿಕ ಪಾಲಿಸಿಲಿಕಾನಿನ, ಗೇಟಿನ ವೋಲ್ಟೇಜು ತೆಳುವಾದ ಆಕ್ಸೈಡ್ ಪದರದ ಆಚೆಯಿಂದಲೇ ಸೋರ್ಸ್ ಮತ್ತು ಡ್ರೇನ್ ಎಂಬ ತುದಿಗಳ ನಡುವಣ ಹರಿವನ್ನು ಆಳುತ್ತದೆ; ಗೇಟು ಒಂದು ಮಟ್ಟವನ್ನು ದಾಟಿದಾಗ ಹರಿವು ಶುರುವಾಗುತ್ತದೆಂದು ಭಾವಿಸಿ ಆ ಮಟ್ಟವನ್ನು ಹೊಸ್ತಿಲು ವೋಲ್ಟೇಜು ಎನ್ನುತ್ತಾರೆ. ಸ್ಪೈಸ್ ಬಳಸಿದ ಮೊದಲ ಮಾಸ್ ಮಾದರಿಯನ್ನು ಹೆರಾಲ್ಡ್ ಶಿಕ್‌ಮನ್ ಮತ್ತು ಡೇವಿಡ್ ಹಾಜಸ್ 1968ರಲ್ಲಿ ಪ್ರಕಟಿಸಿದ್ದರು, ಮತ್ತು ಅವರ ಲೇಖನದ ಶೀರ್ಷಿಕೆಯೇ ಅದು ಸ್ವಿಚಿಂಗ್ ಮಂಡಲಗಳಿಗಾಗಿ ಎಂದು ಹೇಳುತ್ತಿತ್ತು. ಹೊಸ್ತಿಲಿನ ಮೇಲೆ ಗೇಟು ಎಷ್ಟು ಏರಿದೆಯೋ ಅದರ ವರ್ಗಕ್ಕೆ ಅನುಗುಣವಾಗಿ ಪ್ರವಾಹ, ಹೊಸ್ತಿಲಿನ ಕೆಳಗೆ ಸೊನ್ನೆ: ಇದು ಅದರ ಸಾರ. ಶೀರ್ಷಿಕೆಯನ್ನು ಓದಿದ್ದವರಿಗೆ ಅದರಿಂದ ಮೋಸವಾಗಲು ಕಾರಣವಿರಲಿಲ್ಲ.

ಹೊಸ್ತಿಲಿನ ಕೆಳಗೆ ಪ್ರವಾಹ ಸೊನ್ನೆಯಲ್ಲ. ಅಲ್ಲಿ ಅದು ಬೈಪೋಲಾರ್ ಟ್ರಾನ್ಸಿಸ್ಟರಿನಂತೆ ಘಾತೀಯವಾಗಿ ಇಳಿಯುತ್ತದೆ. ಈ ಅತಿ ಸಣ್ಣ ಪ್ರವಾಹವೇ ಬೇಕಾಗಿದ್ದವರು ಸ್ವಿಟ್ಜರ್ಲೆಂಡಿನ ಗಡಿಯಾರದವರು. ನ್ಯೂಶಾಟೆಲ್‌ನ ಗಡಿಯಾರ ಉದ್ಯಮದ ಎಲೆಕ್ಟ್ರಾನಿಕ್ ಕೇಂದ್ರವು 1967ರಲ್ಲಿ ಕ್ವಾರ್ಟ್ಜ್ ಕೈಗಡಿಯಾರದ ಮೊದಲ ಮಾದರಿಗಳನ್ನು ತಯಾರಿಸಿತ್ತು; ಗುಂಡಿಯಷ್ಟು ಚಿಕ್ಕ ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ನಡೆಯಬೇಕಾದ ಮಂಡಲಕ್ಕೆ ಮೈಕ್ರೋಆಂಪಿಯರಿನ ಆಸುಪಾಸಿನ ಪ್ರವಾಹವಷ್ಟೇ ದಕ್ಕುವಂಥದು. ಅಲ್ಲಿನ ಎರಿಕ್ ವಿಟ್ಟೋ ಮತ್ತು ಜಾನ್ ಫೆಲ್‌ರಾತ್ 1977ರಲ್ಲಿ ಟ್ರಾನ್ಸಿಸ್ಟರುಗಳನ್ನು ಉದ್ದೇಶಪೂರ್ವಕವಾಗಿ ಹೊಸ್ತಿಲಿನ ಕೆಳಗೇ ದುಡಿಸುವ ಮಂಡಲಗಳನ್ನು ವಿವರಿಸಿದರು. ಶಿಕ್‌ಮನ್-ಹಾಜಸ್ ಮಾದರಿಯ ಕಣ್ಣಿಗೆ ಅಂಥ ಮಂಡಲ ಸತ್ತ ಮಂಡಲ: ಕೈಯಲ್ಲಿ ಗಡಿಯಾರ ಓಡುತ್ತಿದ್ದರೂ ಲೆಕ್ಕದಲ್ಲಿ ಪ್ರವಾಹವಿಲ್ಲ. ಸ್ಪೈಸಿನ ಹಂತ 2 ಮತ್ತು ಹಂತ 3 ಎಂಬ ಮುಂದಿನ ಮಾದರಿಗಳು ಹೊಸ್ತಿಲಿನ ಕೆಳಗಿನ ಘಾತೀಯ ರೇಖೆಯನ್ನೂ ಮೇಲಿನ ರೇಖೆಯನ್ನೂ ಒಂದು ಬಿಂದುವಿನಲ್ಲಿ ಅಂಟಿಸಿದವು, ಆದರೆ ಅಂಟಿದ ಜಾಗದಲ್ಲಿ ಇಳಿಜಾರು ತಟ್ಟನೆ ಬದಲಾಗುತ್ತಿತ್ತು, ಮತ್ತು ಕಡಿಮೆ ವಿದ್ಯುತ್ತಿನ ವಿನ್ಯಾಸಕರು ತಮ್ಮ ಟ್ರಾನ್ಸಿಸ್ಟರುಗಳನ್ನು ನಿಲ್ಲಿಸಲು ಬಯಸುತ್ತಿದ್ದದ್ದು ಬಹುಪಾಲು ಅದೇ ಜಾಗದಲ್ಲಿ. ಗಡಿಯಾರದ ಪರಂಪರೆಯಲ್ಲಿ ಬೆಳೆದ ಎನ್ಜ್, ಕ್ರುಮ್ಮೆನಾಕರ್, ವಿಟ್ಟೋ ಮೂವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಇಕೆವಿ ಮಾದರಿ 1995ರಲ್ಲಿ ಹೊಸ್ತಿಲಿನ ಎರಡೂ ಬದಿಯನ್ನು ಒಂದೇ ನಯವಾದ ಸೂತ್ರದಲ್ಲಿ ಬರೆದು ಈ ಅಂಟನ್ನು ಇಲ್ಲವಾಗಿಸಿತು.

ಇನ್ನೊಂದು ತಪ್ಪು ಹೆಚ್ಚು ಗೂಢವಾದದ್ದು. ಮಾಸ್ ಟ್ರಾನ್ಸಿಸ್ಟರಿನೊಳಗೆ ಕೂಡುವ ಆವೇಶವನ್ನು 1971ರ ಮೇಯರ್ ಮಾದರಿಯು ಗೇಟಿಗೂ ಉಳಿದ ತುದಿಗಳಿಗೂ ನಡುವೆ ಕೂರಿಸಿದ ಮೂರು ಧಾರಕಗಳಾಗಿ ಬರೆದಿತ್ತು, ಸ್ಪೈಸ್ ಅದನ್ನೇ ಒಪ್ಪಿಕೊಂಡಿತ್ತು. ಆ ಧಾರಕಗಳ ಬೆಲೆ ವೋಲ್ಟೇಜಿನೊಡನೆ ಬದಲಾಗುವುದರಿಂದ, ಸಿಮ್ಯುಲೇಟರು ಹೆಜ್ಜೆಹೆಜ್ಜೆಗೆ ಮಾಡುವ ಸಣ್ಣ ತಪ್ಪುಗಳು ಒಂದೇ ದಿಕ್ಕಿಗೆ ಸೇರುತ್ತ ಹೋಗಿ, ಮಂಡಲದಲ್ಲಿ ಎಲ್ಲಿಂದಲೋ ಆವೇಶ ಹುಟ್ಟಿದಂತೆ ಅಥವಾ ಕರಗಿದಂತೆ ಲೆಕ್ಕ ಬರುತ್ತಿತ್ತು. ತರ್ಕಮಂಡಲದಲ್ಲಿ ಇದು ಕಾಣುತ್ತಲೇ ಇರಲಿಲ್ಲ. ಆವೇಶವನ್ನು ಕೂಡಿಡುವುದೇ ಕಸುಬಾದ ಡೈನಮಿಕ್ ಮೆಮೊರಿಗಳಲ್ಲಿ, ಧಾರಕಗಳಿಂದ ಧಾರಕಗಳಿಗೆ ಆವೇಶವನ್ನು ಅಳೆದು ಸುರಿಯುವ ಸ್ವಿಚ್ಡ್-ಕೆಪಾಸಿಟರ್ ಫಿಲ್ಟರುಗಳಲ್ಲಿ ಅದು ಫಲಿತಾಂಶವನ್ನೇ ಕೆಡಿಸಿತು. ಸ್ಟ್ಯಾನ್‌ಫರ್ಡಿನ ವಾರ್ಡ್ ಮತ್ತು ಡಟನ್ 1978ರಲ್ಲಿ ಧಾರಕಗಳನ್ನು ಬಿಟ್ಟು ಆವೇಶವನ್ನೇ ನೇರವಾಗಿ ತುದಿಗಳಿಗೆ ಹಂಚುವ ಮಾದರಿಯನ್ನು ಮುಂದಿಟ್ಟರು. 1983ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಯಾಂಗ್, ಎಪ್ಲರ್, ಚಟರ್ಜಿ ದೋಷದ ಬೇರು ಎಲ್ಲಿದೆಯೆಂದು ಬಿಡಿಸಿ ತೋರಿಸಿದರು. ಸ್ವಿಚ್ಡ್-ಕೆಪಾಸಿಟರ್ ತಂತ್ರ ಬೆಳೆದ ಮುಖ್ಯ ನೆಲೆಗಳಲ್ಲಿ ಬರ್ಕ್‌ಲಿಯೂ ಒಂದು ಎಂಬುದು ಇಲ್ಲಿನ ವ್ಯಂಗ್ಯ.

ಮೂರನೆಯ ದೂರು ಸಾದೃಶ್ಯ ಮಂಡಲಗಳ, ಎಂದರೆ ವರ್ಧಕ, ಫಿಲ್ಟರುಗಳಂಥ ಅನಲಾಗ್ ಮಂಡಲಗಳ ವಿನ್ಯಾಸಕರಿಂದ ಬಂತು. ಅವರಿಗೆ ಬೇಕಾದದ್ದು ಪ್ರವಾಹಕ್ಕಿಂತ ಹೆಚ್ಚಾಗಿ ಅದರ ಇಳಿಜಾರು, ವಿರೂಪತೆಯನ್ನು ಲೆಕ್ಕಹಾಕುವಾಗ ಇಳಿಜಾರಿನ ಇಳಿಜಾರು ಮತ್ತು ಅದರಾಚೆಯದೂ. ಪ್ರವಾಹದ ರೇಖೆ ಅಳತೆಯ ಬಿಂದುಗಳ ಮೇಲೆ ಅಚ್ಚುಕಟ್ಟಾಗಿ ಕೂತಿದ್ದರೂ ಅದರ ಇಳಿಜಾರು ಎರಡು ಪಟ್ಟು ತಪ್ಪಾಗಿರಬಹುದು; ಡ್ರೇನಿನ ವೋಲ್ಟೇಜು ಏರಿದರೆ ಪ್ರವಾಹ ಇಳಿಯುತ್ತದೆಂಬ ಅಸಂಗತವನ್ನೂ ಕೆಲವು ಮಾದರಿಗಳು ಹೇಳಿದ್ದುಂಟು. ಕೊಲಂಬಿಯಾ ವಿಶ್ವವಿದ್ಯಾಲಯದ ಯಾನಿಸ್ ಸಿವಿಡಿಸ್ ಈ ದೂರುಗಳನ್ನು ವರ್ಷಗಟ್ಟಲೆ ಬರೆದು, 1994ರಲ್ಲಿ ಸುಯಾಮ ಅವರೊಡನೆ ಪ್ರಕಟಿಸಿದ ಲೇಖನದಲ್ಲಿ, ಯಾವುದೇ ಮಾದರಿಯನ್ನು ನಂಬುವ ಮೊದಲು ಅದಕ್ಕೆ ಹಾಕಬೇಕಾದ ಸರಳ ಪರೀಕ್ಷೆಗಳನ್ನು ವಿವರಿಸಿದರು. ಮಾದರಿಗಳ ನಿಖರತೆಯನ್ನು ಕುರಿತ ಬರವಣಿಗೆಯಲ್ಲಿ ಇಷ್ಟು ಉಪಯುಕ್ತವಾದದ್ದು ವಿರಳ, ಏಕೆಂದರೆ ಅಲ್ಲಿ ನಿಖರತೆ ಎಂಬುದು ಹೊಗಳಿಕೆಯ ಮಾತಾಗಿ ಉಳಿಯದೆ ಬಳಕೆದಾರನೇ ಮಾಡಿ ನೋಡಬಹುದಾದ ಕೆಲಸವಾಯಿತು.

ಬರ್ಕ್‌ಲಿಯಲ್ಲಿ 1987ರಿಂದ ಬಿಸಿಮ್ ಎಂಬ ಹೆಸರಿನಲ್ಲಿ ಬಂದ ಮಾದರಿಗಳ ಸರಣಿ ಈ ದೂರುಗಳಿಗೆ ನಿಧಾನವಾಗಿ ಉತ್ತರ ಕೊಟ್ಟಿತು. ಪಿಂಗ್ ಕೋ ಮತ್ತು ಚೆನ್‌ಮಿಂಗ್ ಹು ಮುಂದಾಳುತನದ ಗುಂಪಿನ ಬಿಸಿಮ್-3 ಮಾದರಿಯು ಹೊಸ್ತಿಲಿನ ಆಚೀಚೆಯ ತುಂಡುಗಳನ್ನು ನಯವಾಗಿ ಬೆಸೆದು, 1990ರ ದಶಕದ ಉತ್ತರಾರ್ಧದಲ್ಲಿ ಉದ್ಯಮಗಳ ಒಕ್ಕೂಟವಾದ ಕಾಂಪ್ಯಾಕ್ಟ್ ಮಾಡೆಲ್ ಕೌನ್ಸಿಲಿನಿಂದ ಮಾಸ್ ಟ್ರಾನ್ಸಿಸ್ಟರುಗಳ ಮೊದಲ ಅಧಿಕೃತ ಮಾನಕವೆಂದು ಅಂಗೀಕಾರ ಪಡೆಯಿತು. ಇದಕ್ಕೆ ತೆತ್ತ ಬೆಲೆ ನಿಯತಾಂಕಗಳ ಸಂಖ್ಯೆ: ಶಿಕ್‌ಮನ್-ಹಾಜಸ್ ಮಾದರಿಯ ಮೂಲಸೂತ್ರಕ್ಕೆ ಬೆರಳೆಣಿಕೆಯಷ್ಟು ಸಾಕಾಗಿದ್ದರೆ, ಇಲ್ಲಿ ನೂರನ್ನು ದಾಟಿತು, ಮತ್ತು ಅವುಗಳಲ್ಲಿ ಎಷ್ಟೋ ಭೌತಿಕ ಅರ್ಥವಿಲ್ಲದ, ರೇಖೆಯನ್ನು ಅಳತೆಗೆ ಒಗ್ಗಿಸಲೆಂದೇ ಇಟ್ಟ ಸಂಖ್ಯೆಗಳು.

ಬೆಂಗಳೂರಿಗೆ ಈ ಚರಿತ್ರೆ ತಾಗುವುದು ಇಲ್ಲಿಯೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಗರದಲ್ಲಿ ತೆರೆದ ಕೇಂದ್ರದ ಆರಂಭದ ಕೆಲಸ ಚಿಪ್ ವಿನ್ಯಾಸಕ್ಕೆ ಬೇಕಾದ ತಂತ್ರಾಂಶದ್ದಾಗಿತ್ತು; ಬಳಿಕ ವಿನ್ಯಾಸವೂ ಇಲ್ಲಿಯೇ ನಡೆಯತೊಡಗಿ, ಇನ್ನಷ್ಟು ಕಂಪನಿಗಳು ಬಂದವು. ಹೀಗೆ ಇಲ್ಲಿ ರೂಪುಗೊಂಡ ಚಿಪ್ಪುಗಳು ತಯಾರಾದದ್ದು ಹೊರದೇಶಗಳ ಕಾರ್ಖಾನೆಗಳಲ್ಲಿ. ಸಿಲಿಕಾನ್ ಬಿಲ್ಲೆಯನ್ನು ಕಣ್ಣಾರೆ ಕಾಣದ ವಿನ್ಯಾಸಕನಿಗೆ ಕಾರ್ಖಾನೆ ಕಳಿಸುವ ನಿಯತಾಂಕಗಳ ಕಡತವೇ ಟ್ರಾನ್ಸಿಸ್ಟರು. ಅದಕ್ಕೆ ಮಾಡೆಲ್ ಕಾರ್ಡ್ ಎಂಬ ಹಳೆಯ ಹೆಸರೇ ನಿಂತಿದೆ, ಪಂಚ್ ಕಾರ್ಡುಗಳು ಹೋಗಿ ಎಷ್ಟೋ ಕಾಲವಾಗಿದ್ದರೂ. ಸಮೀಕರಣ ಎಷ್ಟೇ ಒಳ್ಳೆಯದಾದರೂ ಕಾರ್ಡು ಕೆಟ್ಟದ್ದಾದರೆ ಫಲ ಕೆಟ್ಟದ್ದೇ, ಮತ್ತು ಬಳಕೆಯಲ್ಲಿ ಮಾದರಿಯ ಮೇಲೆ ಹೊರಿಸುವ ಆರೋಪಗಳಲ್ಲಿ ಬಹಳಷ್ಟು ನ್ಯಾಯವಾಗಿ ಕಾರ್ಡಿಗೆ ಸೇರಬೇಕಾದವು. ಒಂದೇ ಸಂಖ್ಯೆಯ ಬಿಡಿ ಟ್ರಾನ್ಸಿಸ್ಟರಿಗೆ ಬೇರೆಬೇರೆ ತಯಾರಕರ ಕಾರ್ಡುಗಳು ಬೇರೆಬೇರೆ ಉತ್ತರ ಕೊಡುತ್ತವೆ. ನ್ಯಾಷನಲ್ ಸೆಮಿಕಂಡಕ್ಟರಿನ ಪ್ರಸಿದ್ಧ ವಿನ್ಯಾಸಕ ಬಾಬ್ ಪೀಸ್ ತಮ್ಮ ಅಂಕಣಗಳಲ್ಲಿ ಸ್ಪೈಸನ್ನು ಅಷ್ಟು ಹರಿತವಾಗಿ ಟೀಕಿಸಿದಾಗ ಅವರ ಮಾತು ಅತಿಯಾಯಿತೆಂದು ಅನ್ನಿಸಿದವರಿದ್ದರೂ, ಅಳೆದು ನೋಡದೆ ನಂಬಬೇಡಿ ಎಂಬ ಅವರ ಮಾತಿನ ತಿರುಳಿಗೆ ಯಾರೂ ಸರಿಯಾದ ಪ್ರತ್ಯುತ್ತರ ಕೊಡಲಿಲ್ಲ.

ಕಾರ್ಡಿನಲ್ಲಿ ಬರೆಯದೆ ಬಿಟ್ಟ ಜಾಗವನ್ನೂ ಸಿಮ್ಯುಲೇಟರು ಖಾಲಿ ಬಿಡುವುದಿಲ್ಲ. ಬರ್ಕ್‌ಲಿಯ ಸ್ಪೈಸಿನಲ್ಲಿ ಬೈಪೋಲಾರ್ ಟ್ರಾನ್ಸಿಸ್ಟರಿನ ಗಳಿಕೆಯನ್ನು ಹೇಳದಿದ್ದರೆ ಅದು 100 ಎಂದು ಹಿಡಿಯುತ್ತದೆ, ಅರ್ಲಿಯ ಪರಿಣಾಮದ ಅಳತೆಯಾದ ಅರ್ಲಿ ವೋಲ್ಟೇಜನ್ನು ಹೇಳದಿದ್ದರೆ ಅನಂತವೆಂದು ಹಿಡಿದು ಆ ಪರಿಣಾಮವನ್ನೇ ಅಳಿಸಿಬಿಡುತ್ತದೆ. ಮಾಸ್ ಟ್ರಾನ್ಸಿಸ್ಟರಿನ ಕಾರ್ಡಿನಲ್ಲಿ ಮಾದರಿಯ ಹಂತವನ್ನು ನಮೂದಿಸದಿದ್ದರೆ ಅದು ಎಚ್ಚರಿಕೆಯ ಒಂದು ಮಾತೂ ಇಲ್ಲದೆ ಆರಿಸಿಕೊಳ್ಳುವುದು ಹಂತ 1ನ್ನು, ಅಂದರೆ ಸ್ವಿಚಿಂಗ್ ಮಂಡಲಗಳಿಗಾಗಿ 1968ರಲ್ಲಿ ಬರೆದ, ಹೊಸ್ತಿಲಿನ ಕೆಳಗೆ ಪ್ರವಾಹವೇ ಇಲ್ಲದ ಶಿಕ್‌ಮನ್-ಹಾಜಸ್ ಸಮೀಕರಣವನ್ನು.