ಗಂಜ್ ಮತ್ತು ಸ್ವಿಚ್ಚು

ಹೊನವಾಡದಿಂದ ವಿಜಯಪುರಕ್ಕೆ ಹೋಗುವಾಗ ತಿಕೋಟಾ ದಾಟಿದ ಮೇಲೆ ತೊರವಿ ಸಿಗುತ್ತದೆ. ಆದಿಲ್‌ಶಾಹಿ ಕಾಲದ ನೀರು ಸರಬರಾಜಿನ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ತೊರವಿ ಅಂದರೆ ಅಲ್ಲಿಂದ ನಗರಕ್ಕೆ ಸುರಂಗದಲ್ಲಿ ಹರಿದ ನೀರು. ಕಂಪ್ಯೂಟರ್ ಜಾಲದ ಚರಿತ್ರೆಗೆ ನಾನು ಬಂದದ್ದು ಮಾತ್ರ ಒಂದು ಸಂಕಟದಿಂದ.

ಫೆಲೋಶಿಪ್ ಅರ್ಜಿಗೆ ಅಂದು ಕಡೆಯ ದಿನ. ನಾವು ಕೂತಿದ್ದ ಕಂಪ್ಯೂಟರ್ ಕೋಣೆಯಲ್ಲಿ ಮಧ್ಯಾಹ್ನ ನೆಟ್‌ವರ್ಕ್ ನಿಂತಿತು. ಸ್ವಿಚ್ಚಿನ ದೀಪಗಳೆಲ್ಲ ಒಟ್ಟೊಟ್ಟಿಗೆ ಮಿನುಗುತ್ತಿದ್ದವು. ಸಂಜೆ ಬಂದ ಟೆಕ್ನಿಷಿಯನ್ ಮೇಜಿನ ಕೆಳಗೆ ನುಸುಳಿ ಒಂದು ಕೇಬಲ್ ಕಿತ್ತರು. ಬಿಡಿಯಾಗಿ ಬಿದ್ದಿದ್ದ ಅದರ ತುದಿಯನ್ನು ಯಾರೋ ಅದೇ ಸ್ವಿಚ್ಚಿಗೆ ಚುಚ್ಚಿದ್ದರು. “ಎರಡೂ ತುದಿ ಒಂದಕ್ಕ ಹಾಕ್ಯಾರ ನೋಡ್ರಿ. ತನ್ನ ಕೂಗು ತಾನ ಕೇಳಿ ಮತ್ತ ಕೂಗಾಕತ್ತೈತಿ” ಅಂದರು. ನನ್ನ ಅರ್ಜಿ ರಾತ್ರಿ ಮೊಬೈಲಿನಿಂದ ಹೇಗೋ ಹೋಯಿತು. ಗೆಳತಿಯದು ಹೋಗಲೇ ಇಲ್ಲ.

ಈ ಕೂಗಿಗೊಂದು ವಂಶಾವಳಿಯಿದೆ. 1973ರಲ್ಲಿ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಈಥರ್ನೆಟ್ ರೂಪಿಸಿದಾಗ ಯಂತ್ರಗಳೆಲ್ಲ ಒಂದೇ ಕೇಬಲ್ಲಿಗೆ ಜೋತಿದ್ದವು. ಒಬ್ಬರು ಆಡಿದ್ದು ಎಲ್ಲರಿಗೂ ಕೇಳುತ್ತಿತ್ತು. ಸ್ವಿಚ್ ಬಂದ ಮೇಲೆ ಮಾತು ಸಂಬಂಧಪಟ್ಟವರಿಗಷ್ಟೇ ಹೋಗತೊಡಗಿತು. ಆದರೂ ಡಂಗುರ ಉಳಿಯಿತು. “ಈ ಐಪಿ ವಿಳಾಸ ಯಾರದು?” ಎಂದು ತಿಳಿಯಲು ಎಲ್ಲರಿಗೂ ಕೂಗಲೇಬೇಕು, 1982ರ ಎಆರ್‌ಪಿ ಮಾಡುವುದು ಅದನ್ನೇ. ಇದು ಬ್ರಾಡ್‌ಕಾಸ್ಟ್. ಒಂದು ಗುಂಪಿಗಷ್ಟೇ ಕಳಿಸುವುದು ಮಲ್ಟಿಕಾಸ್ಟ್. ಗುಂಪಿನಲ್ಲಿ ಯಾರಿದ್ದಾರೆಂದು ಸ್ವಿಚ್ಚಿಗೆ ಗೊತ್ತಿಲ್ಲದಿದ್ದರೆ ಅದೂ ಎಲ್ಲರ ಬಾಗಿಲಿಗೆ ಬರುತ್ತದೆ. ಐಪಿ ಪ್ಯಾಕೆಟ್ಟಿಗೆ ಆಯುಸ್ಸಿನ ಲೆಕ್ಕವಿದೆ, ಒಂದೊಂದು ರೂಟರ್ ದಾಟಿದಂತೆ ಇಳಿಯುತ್ತದೆ. ಈಥರ್ನೆಟ್ ಫ್ರೇಮಿಗೆ ಅದಿಲ್ಲ. ದಾರಿ ಸುತ್ತಾಗಿದ್ದರೆ ಅದು ಸಾಯದೆ ಸುತ್ತುತ್ತದೆ.

1985ರಲ್ಲಿ ರೇಡಿಯಾ ಪರ್ಲ್‌ಮನ್ ಇಂಥ ಸುತ್ತುದಾರಿಗಳನ್ನು ಯಂತ್ರಗಳೇ ಗುರುತಿಸಿ ಮುಚ್ಚುವ ಸ್ಪ್ಯಾನಿಂಗ್ ಟ್ರೀ ಕ್ರಮ ಕೊಟ್ಟರು. (ಆ ಪ್ರಬಂಧದಲ್ಲಿ ಒಂದು ಪದ್ಯವನ್ನೂ ಸೇರಿಸಿದ್ದರು. ನನ್ನ ಗೈಡ್ ಬಿಟ್ಟಾರೆಯೇ?) ಅದೂ ಕೈಕೊಡಬಹುದು. 2002ರ ನವೆಂಬರಿನಲ್ಲಿ ಬೋಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಹೀಗೇ ಕುಸಿದು, ವೈದ್ಯರು ದಿನಗಟ್ಟಲೆ ಕಾಗದದಲ್ಲಿ ಕೆಲಸ ಮಾಡಬೇಕಾಯಿತು.

ಹಾಗಾಗಿ ಇನ್ನೊಂದು ಕಾವಲು ಬೇಕು: ಸ್ಟಾರ್ಮ್ ಕಂಟ್ರೋಲ್. ಒಂದೊಂದು ಪೋರ್ಟಿಗೂ ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್ ಇಷ್ಟೇ ಎಂದು ಮಿತಿ ಹಾಕುತ್ತಾರೆ, ಸಾಮರ್ಥ್ಯದ ಶೇಕಡಾವಾರಿನಲ್ಲೋ ಸೆಕೆಂಡಿಗಿಷ್ಟು ಪ್ಯಾಕೆಟ್ ಎಂದೋ. ಮೀರಿದ್ದನ್ನು ಸ್ವಿಚ್ ಎಸೆಯುತ್ತದೆ. ಹೇಳಿಟ್ಟಿದ್ದರೆ ಪೋರ್ಟನ್ನೇ ಮುಚ್ಚುತ್ತದೆ. ಆದರೆ ಅದಕ್ಕೆ ಕಣ್ಣಿಲ್ಲ. ಮಿತಿ ತೀರ ಕೆಳಗಿದ್ದರೆ ವಿಳಾಸ ಕೇಳುವ ಪ್ರಾಮಾಣಿಕ ಕೂಗೂ ಕಸಕ್ಕೆ ಹೋಗುತ್ತದೆ. ಮಾಮೂಲಿ ದಿನದ ಗದ್ದಲ ಎಷ್ಟೆಂದು ಮೊದಲು ಅಳೆಯಬೇಕು.

ನನಗೆ ನೆನಪಾದದ್ದು ನಮ್ಮ ಗಂಜ್‌ಗಳು. 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯದಿರಲೆಂದು ದಾರಿಯಲ್ಲಿ ಗೋಪುರ ಕಟ್ಟಿದರು. ನೀರು ಅದರೊಳಗೆ ಏರಿ, ರಭಸ ಕಳೆದುಕೊಂಡು, ಹೂಳು ಬಿಟ್ಟು ಮುಂದೆ ಹೋಗುತ್ತಿತ್ತು. ಹೋಲಿಕೆಯನ್ನು ಬಹಳ ಎಳೆಯಲಾರೆ. ಗಂಜ್ ರಭಸವನ್ನಷ್ಟೇ ಇಳಿಸುತ್ತದೆ, ಸ್ವಿಚ್ ಹೆಚ್ಚಾದದ್ದನ್ನು ಚೆಲ್ಲಿಬಿಡುತ್ತದೆ. ಎರಡೂ ಮೂಲದ ತಪ್ಪನ್ನು ಸರಿಮಾಡುವುದಿಲ್ಲ. ಆ ಕೇಬಲ್ಲನ್ನು ಯಾರಾದರೂ ಬಗ್ಗಿ ಕೀಳಲೇಬೇಕು.

ನಮ್ಮ ಕೋಣೆಯ ಸ್ವಿಚ್ಚಿನಲ್ಲಿ ಆ ಸೌಲಭ್ಯ ಇತ್ತಂತೆ, ಯಾರೂ ಹಾಕಿರಲಿಲ್ಲ. ಮರುವರ್ಷ ಅರ್ಜಿ ಕರೆಯುವಷ್ಟರಲ್ಲಿ ಗೆಳತಿಯ ವಯಸ್ಸು ಮಿತಿ ದಾಟಿತ್ತು.